ಮಧ್ಯಾಹ್ನದ ಅಣುಗಳು

ಮಾರ್ಚ್ ಮೊದಲ ವಾರದಲ್ಲಿ ನಮ್ಮ ಹತ್ತಿರ ಪರಮಾಣುಗಳಿದ್ದವು, ಅಣುಗಳಿರಲಿಲ್ಲ. ಪರಮಾಣುಗಳಿಗೇನೂ ಬರವಿರಲಿಲ್ಲ. ನಲವತ್ತು ಸೆಕೆಂಡಿಗೊಮ್ಮೆ ನಮ್ಮ ಯಂತ್ರ ಲಕ್ಷದಷ್ಟು ರುಬಿಡಿಯಂ ಪರಮಾಣುಗಳನ್ನು ಗಾಳಿಯಿಲ್ಲದ ಗಾಜಿನ ಕೋಶದೊಳಗೆ ಹಿಡಿದು, ಲೇಸರ್ ಬೆಳಕಿನ ಬಲೆಯಲ್ಲಿ ಇರಿಸಿ, ಪರಮ ಶೂನ್ಯಕ್ಕಿಂತ ಒಂದು ಡಿಗ್ರಿಯ ಕೋಟಿಯಲ್ಲೊಂದು ಭಾಗದಷ್ಟೇ ಮೇಲೆ ತಂದು ನಿಲ್ಲಿಸುತ್ತಿತ್ತು. ಅವು ಎರಡೆರಡಾಗಿ ಕೂಡಿ ಅಣುವಾಗಬೇಕು, ಅದು ನಮ್ಮ ಕೆಲಸ. ಅವು ಕೂಡಲೊಲ್ಲವು.

ಕೂಡಿಸುವ ವಿಧಾನ ಹೇಳಲು ಸುಲಭ. ಕಾಂತಕ್ಷೇತ್ರವನ್ನು ಗಾಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಸಾವಿರ ಗಾಸ್‌ಗಿಂತ ತುಸು ಮೇಲೆ ರುಬಿಡಿಯಂಗೆ ಒಂದು ಗಡಿ ಇದೆ. ಕಾಂತಕ್ಷೇತ್ರವನ್ನು ಆ ಗಡಿಯ ಮೇಲಿನಿಂದ ಕೆಳಗೆ ನಿಧಾನವಾಗಿ ಇಳಿಸಿದರೆ ಹತ್ತಿರ ಹತ್ತಿರ ಇರುವ ಪರಮಾಣುಗಳು ಜೋಡಿಯಾಗುತ್ತವೆ. ಬೆಂಕಿ ಬೇಡ, ರಾಸಾಯನಿಕ ಬೇಡ. ಆದರೆ ಆ ಗಡಿಯ ಅಗಲ ಒಂದು ಗಾಸ್‌ನ ಐದನೆಯ ಒಂದು ಪಾಲು ಮಾತ್ರ. ಸಾವಿರದಲ್ಲಿ ಅಷ್ಟು ಸಣ್ಣ ಸಂದಿಯನ್ನು ನಡುಗದ ಕೈಯಿಂದ ದಾಟಬೇಕು. ನಮ್ಮ ಕಾಂತಕ್ಷೇತ್ರವೋ, ಗೋಡೆಯ ಕರೆಂಟಿನ ಜೊತೆಗೇ ಸೆಕೆಂಡಿಗೆ ಐವತ್ತು ಸಲ ನಡುಗುತ್ತಿತ್ತು.

ನಾನು ಆ ಪ್ರಯೋಗಾಲಯದ ತಾಂತ್ರಿಕ ಅಧಿಕಾರಿ. ಪುಣೆಯ ಒಂದು ಸಂಶೋಧನಾ ಸಂಸ್ಥೆಯ ನೆಲಮಾಳಿಗೆಯಲ್ಲಿರುವ ಆ ಕೋಣೆಯ ಎಲ್ಲ ಲೇಸರ್‌ಗಳೂ ನನ್ನ ಸುಪರ್ದಿ. ಪ್ರಯೋಗ ನಡೆಸುತ್ತಿದ್ದವಳು ಪಿಎಚ್.ಡಿ. ಮಾಡುತ್ತಿದ್ದ ಮೈಸೂರು ಕಡೆಯ ಹುಡುಗಿ. ನಮ್ಮಿಬ್ಬರ ಮೇಲೆ ಒಬ್ಬ ಪ್ರೊಫೆಸರ್, ಮರಾಠಿಯವರು. ನಾವಿಬ್ಬರೂ ಕನ್ನಡದಲ್ಲಿ ಜಗಳವಾಡುವಾಗ ಕ್ರಿಕೆಟ್ ನೋಡುವವರಂತೆ ಒಬ್ಬರಿಂದ ಒಬ್ಬರಿಗೆ ಕತ್ತು ತಿರುಗಿಸುತ್ತ ಕೂರುತ್ತಿದ್ದರು. ಹುಡುಗಿಯ ನೋಂದಣಿಯ ಅವಧಿ ಏಪ್ರಿಲ್ ಕೊನೆಗೆ ಮುಗಿಯುವುದಿತ್ತು. ಸಿಗಬೇಕಾದ ವಿಸ್ತರಣೆಗಳೆಲ್ಲ ಸಿಕ್ಕು ಮುಗಿದಿದ್ದವು. ನಾಲ್ಕು ಅಧ್ಯಾಯ ಬರೆದಿಟ್ಟಿದ್ದಳು, ಐದನೆಯದಕ್ಕೆ ಅಣು ಬೇಕಿತ್ತು. ಅಣುವಿಲ್ಲದಿದ್ದರೆ ಆರು ವರ್ಷದ ದುಡಿಮೆ "ಯಂತ್ರ ಕಟ್ಟಿದ ಕಥೆ"ಯಾಗಿ ಉಳಿಯುತ್ತಿತ್ತು. ಅದಕ್ಕೆ ಯಾರೂ ಪದವಿ ಕೊಡುವುದಿಲ್ಲ.

ನಡುಕ ಎಲ್ಲಿಂದ ಬರುತ್ತದೆಂದು ಹುಡುಕುವ ಕೆಲಸ ನನಗೆ ಬಂತು. ಕಾಂತಕ್ಷೇತ್ರ ಅಳೆಯುವ ಸಣ್ಣ ಕಡ್ಡಿಯೊಂದನ್ನು ಗಾಜಿನ ಕೋಶದ ಪಕ್ಕ ಕಟ್ಟಿ, ಕೋಣೆಯಲ್ಲಿದ್ದ ಸಾಮಾನುಗಳನ್ನು ಒಂದೊಂದಾಗಿ ಬಂದ್ ಮಾಡುತ್ತ ಹೋದೆ. ಟ್ಯೂಬ್‌ಲೈಟ್, ಫ್ಯಾನ್, ಪಂಪಿನ ಪೆಟ್ಟಿಗೆ, ಕಂಪ್ಯೂಟರ್. ಒಂದು ವಾರ ನಾನು ಪ್ಲಗ್ ಕೀಳುವವಳು, ಹುಡುಗಿ ತೆರೆಯ ಮೇಲಿನ ಗೆರೆ ನೋಡಿ "ಇಲ್ಲ ಮೇಡಂ, ಸೇಮ್ ಇದೆ" ಎನ್ನುವವಳು. ಎಂಟನೆಯ ದಿನ ಸಂಜೆ, ಹುಡುಗಿ ಹೊರಟುಹೋದ ಮೇಲೆ, ಕೋಶದಿಂದ ಒಂದು ಮೊಳ ದೂರದಲ್ಲಿದ್ದ ಹೀಟರ್ ಕಂಟ್ರೋಲರ್‌ನ ಪ್ಲಗ್ ಕಿತ್ತಾಗ ಗೆರೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಅದರ ಹೊಟ್ಟೆಯಲ್ಲೊಂದು ದಪ್ಪ ಟ್ರಾನ್ಸ್‌ಫಾರ್ಮರ್ ಇತ್ತು, ಅದೇ ಕಳ್ಳ.

ಆ ಕಂಟ್ರೋಲರ್ ಯಾತಕ್ಕಿತ್ತೆಂದು ಇಲ್ಲೇ ಹೇಳಿಬಿಡಬೇಕು. ನಮ್ಮ ಲೇಸರ್‌ಗಳಲ್ಲಿ ಒಂದರ ಕೆಲಸ ಕಸ ಗುಡಿಸುವುದು. ಕಾಂತಕ್ಷೇತ್ರ ಗಡಿ ದಾಟಿದ ಮೇಲೆ ಕೆಲವು ಪರಮಾಣುಗಳು ಜೋಡಿಯಾಗುತ್ತವೆ, ಬಹುಪಾಲು ಒಂಟಿಯಾಗಿಯೇ ಉಳಿಯುತ್ತವೆ. ಅಣುಗಳು ನಮ್ಮ ಕ್ಯಾಮೆರಾ ಬೆಳಕಿಗೆ ಕಾಣುವುದಿಲ್ಲ. ಆದ್ದರಿಂದ ಮೊದಲು ಒಂಟಿ ಪರಮಾಣುಗಳನ್ನೆಲ್ಲ ಈ ಗುಡಿಸುವ ಬೆಳಕಿನಿಂದ ಹೊರಗೆ ತಳ್ಳಿ, ಆಮೇಲೆ ಕಾಂತಕ್ಷೇತ್ರವನ್ನು ಗಡಿಯ ಮೇಲೆ ಮರಳಿ ಒಯ್ದು ಅಣುಗಳನ್ನು ಒಡೆದು, ಹೊರಬಿದ್ದ ಪರಮಾಣುಗಳ ಚಿತ್ರ ತೆಗೆಯಬೇಕು. ಆಗ ಕ್ಯಾಮೆರಾದಲ್ಲಿ ಕಂಡದ್ದೆಲ್ಲ ಅಣುವಿನಿಂದ ಬಂದದ್ದು ಎಂದು ಹೇಳಬಹುದು. ಗುಡಿಸುವ ಬೆಳಕಿನ ಬಣ್ಣ ಕೂದಲೆಳೆಯಷ್ಟೂ ಸರಿಯಬಾರದು. ಅದನ್ನು ಹಿಡಿದಿಡಲು ಎರಡು ಕನ್ನಡಿಗಳಿರುವ ಒಂದು ಪೆಟ್ಟಿಗೆ, ಆ ಪೆಟ್ಟಿಗೆಯನ್ನು ಒಂದೇ ಉಷ್ಣತೆಯಲ್ಲಿಡಲು ಈ ಹೀಟರ್ ಕಂಟ್ರೋಲರ್.

ನಾಳೆ ಇದನ್ನು ದೂರದ ಮೇಜಿಗೆ ಸರಿಸಿ, ಉದ್ದನೆಯ ವಯರ್ ಎಳೆದು ಮತ್ತೆ ಹಚ್ಚೋಣ ಎಂದುಕೊಂಡು ಪ್ಲಗ್ಗನ್ನು ಮೇಜಿನ ಕೆಳಗೆ ಬಿಟ್ಟೆ. ಮರುದಿನ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಹುಡುಗಿ ಯಂತ್ರ ನಡೆಸಿದ್ದಳು. ತೆರೆಯ ಮೇಲೆ, ಈವರೆಗೆ ಏನೂ ಕಾಣದಿದ್ದ ಜಾಗದಲ್ಲಿ, ಒಂದು ಮಸುಕು ಚುಕ್ಕೆ. ಪ್ರೊಫೆಸರ್ ಬಂದು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಚಹಾ ಜೊತೆಗೆ ಬಾಕರ್‌ವಡಿ ಬಂತು. ನಡುಕದ ಮೂಲ ಸಿಕ್ಕಿತೆಂದಷ್ಟೇ ಹೇಳಿದೆ, ಆ ಗದ್ದಲದಲ್ಲಿ ನನ್ನ ಉದ್ದನೆಯ ವಯರ್ ಮರೆತೇಹೋಯಿತು. ದಿನಚರಿ ಪುಸ್ತಕದಲ್ಲಿ ಅದನ್ನು ಬರೆಯಲೂ ಇಲ್ಲ. ಬೇರೆಯವರು ಒಂದು ಸ್ಕ್ರೂ ತಿರುಗಿಸಿ ಬರೆಯದಿದ್ದರೆ ಮೂರು ದಿನ ಮುಖ ಊದಿಸಿಕೊಂಡಿರುವವಳು ನಾನು.

ಮುಂದಿನ ಐದು ವಾರ ಕೆಲಸ ಹೀಗೆ ಸಾಗಿತು. ಬೆಳಿಗ್ಗೆ ಒಂಬತ್ತಕ್ಕೆ ನಾನು ಗುಡಿಸುವ ಲೇಸರನ್ನು ಕೈಯಾರೆ ಶ್ರುತಿ ಮಾಡುತ್ತಿದ್ದೆ. ಆಮೇಲೆ "ಖಾಲಿ ಶಾಟ್". ಅಂದರೆ ಎಲ್ಲ ಹೆಜ್ಜೆಗಳೂ ಅವೇ, ಆದರೆ ಕಾಂತಕ್ಷೇತ್ರ ಗಡಿ ದಾಟುವುದಿಲ್ಲ. ಅಣು ಆಗುವುದೇ ಇಲ್ಲವಾದ್ದರಿಂದ ಕ್ಯಾಮೆರಾದಲ್ಲಿ ಏನೂ ಕಾಣಬಾರದು. ಕಾಣುತ್ತಿರಲಿಲ್ಲ. "ಖಾಲಿ: ಸೊನ್ನೆ" ಎಂದು ಬರೆದು ದಿನದ ಅಳತೆ ಶುರು. ನಿಯಮದ ಪ್ರಕಾರ ಖಾಲಿ ಶಾಟನ್ನು ದಿನವಿಡೀ ನಡುನಡುವೆ ತೆಗೆಯಬೇಕು. ಸಮಯ ಉಳಿಸಲು ನಾವು ಅದನ್ನು ಬೆಳಿಗ್ಗೆಗಷ್ಟೇ ಇಳಿಸಿದ್ದೆವು. ಐದು ವಾರದಲ್ಲಿ ಒಂದು ಅಧ್ಯಾಯ ಮುಗಿಸಬೇಕಾದವರು ಸೊನ್ನೆಯನ್ನು ಎಷ್ಟು ಸಲ ಅಳೆಯುತ್ತಾರೆ!

ಬೆಳಿಗ್ಗೆ ಎರಡು ಮೂರು ಸಾವಿರ ಅಣು ಸಿಗುತ್ತಿದ್ದವು. ಮಧ್ಯಾಹ್ನ ಮೂರರ ಹೊತ್ತಿಗೆ ಹತ್ತು ಸಾವಿರ. ನಾನು ತಮಾಷೆ ಮಾಡುತ್ತಿದ್ದೆ.

"ಏನವಾ ತಂಗಿ, ನಿನ್ನ ಅಣುಗೋಳಿಗೆ ಊಟ ಆದಮ್ಯಾಲ ಭಾಳ ಹುರುಪು ಬರ್ತದಲ್ಲ?"

"ಮ್ಯಾಗ್ನೆಟ್ ಕಾಯಿಲ್ ಬಿಸಿಯಾಗಿ ಸ್ಟೇಬಲ್ ಆಗುತ್ತೆ ಮೇಡಂ, ಅದಕ್ಕೆ. ಬೆಳಿಗ್ಗೆ ಇನ್ನೂ ವಾರ್ಮಪ್."

ಒಪ್ಪುವಂಥ ಮಾತೇ. ಆದ್ದರಿಂದ ಮುಖ್ಯ ಅಳತೆಗಳನ್ನೆಲ್ಲ ಮಧ್ಯಾಹ್ನಕ್ಕೆ ಇಟ್ಟುಕೊಂಡೆವು. ಅದರಲ್ಲಿ ಕೊನೆಯದು ಅಣುವಿನ ಆಯುಷ್ಯ. ಅಣುಗಳನ್ನು ಒಂದು ಮಿಲಿಸೆಕೆಂಡು, ಎರಡು, ಐದು, ಇಪ್ಪತ್ತು ಹೀಗೆ ಹೆಚ್ಚು ಹೆಚ್ಚು ಹೊತ್ತು ಇರಿಸಿ ಎಷ್ಟು ಉಳಿದವೆಂದು ಎಣಿಸಬೇಕು. ಈ ಅಣುಗಳು ಬಲು ಸಡಿಲ. ಒಂದಕ್ಕೊಂದು ತಾಗಿದರೆ ಚೂರಾಗಿ ಬಲೆಯಿಂದ ಹಾರಿಹೋಗುತ್ತವೆ. ಗೆರೆ ಬೇಗ ಬೇಗ ಇಳಿಯಬೇಕು. ನಮ್ಮ ಗೆರೆ ಇಳಿಯಲಿಲ್ಲ. ಇಪ್ಪತ್ತು ಮಿಲಿಸೆಕೆಂಡಿನ ನಂತರವೂ ಹತ್ತು ಸಾವಿರಕ್ಕೆ ಒಂಬತ್ತು ಸಾವಿರ ಗಟ್ಟಿಯಾಗಿ ಕುಳಿತಿದ್ದವು.

ಹುಡುಗಿ ಕುಣಿದಾಡಿದಳು. ಇಷ್ಟು ದೀರ್ಘಾಯುಷಿ ಅಣುಗಳನ್ನು ಯಾರೂ ಕಂಡಿಲ್ಲ, ಇದೇ ಅಧ್ಯಾಯದ ಶಿಖರ ಎಂದಳು. ಮುಂದಿನ ಶುಕ್ರವಾರ ಪ್ರಬಂಧ ಸಲ್ಲಿಸುವ ಮುಂಚಿನ ಸೆಮಿನಾರ್. ಹೊರಗಿನ ತಜ್ಞರ ಸಮಿತಿ ಒಪ್ಪಿದರೆ ತಿಂಗಳ ಕೊನೆಗೆ ಸಲ್ಲಿಕೆ. ನನಗೆ ಆ ಸಮತಟ್ಟು ಗೆರೆ ನೋಡಿ ಒಳಗೆಲ್ಲೋ ಚುಚ್ಚಿತು. ಇಪ್ಪತ್ತು ವರ್ಷದಲ್ಲಿ ಯಂತ್ರಗಳು ನನಗೆ ಬೇಕಾದದ್ದನ್ನು ಬೇಕಾದಾಗ ಕೊಟ್ಟದ್ದು ಕಡಿಮೆ.

ಸೋಮವಾರ ಮಧ್ಯಾಹ್ನ ಹುಡುಗಿ ಪ್ರೊಫೆಸರರ ಕೋಣೆಗೆ ಸ್ಲೈಡ್ ತೋರಿಸಲು ಹೋಗಿದ್ದಳು. ಹೊರಗೆ ಏಪ್ರಿಲ್ ಬಿಸಿಲು ಸುಡುತ್ತಿತ್ತು, ಕೋಣೆಯ ಎ.ಸಿ. ಏದುಸಿರು ಬಿಡುತ್ತಿತ್ತು. ಕಾಂತಕ್ಷೇತ್ರ ಗಡಿ ದಾಟದಂತೆ ಕಂಪ್ಯೂಟರಿನಲ್ಲಿ ಒಂದು ಅಂಕಿ ಬದಲಿಸಿ ಖಾಲಿ ಶಾಟ್ ಕೊಟ್ಟೆ. ನಲವತ್ತು ಸೆಕೆಂಡು ಕಾದೆ. ತೆರೆಯ ಮೇಲೆ ಚುಕ್ಕೆ ಬಂತು. ದುಂಡಗೆ, ದಪ್ಪಗೆ, ಸೊಗಸಾಗಿ. ಅಂಕಿ ತಪ್ಪಿರಬೇಕೆಂದು ನೋಡಿದೆ. ಸರಿಯಾಗಿತ್ತು. ಇನ್ನೊಂದು ಸಲ ಕೊಟ್ಟೆ. ಮತ್ತೆ ಚುಕ್ಕೆ. ಒಂದೇ ಒಂದು ಅಣುವೂ ಆಗಿರಲು ಸಾಧ್ಯವಿಲ್ಲದ ಜಾಗದಲ್ಲಿ ಯಂತ್ರ ಎಂಟು ಸಾವಿರ ಎಣಿಸಿತು.

ಅವು ಅಣುವಾಗಿರಲಿಲ್ಲ, ಗುಡಿಸದೆ ಉಳಿದ ಒಂಟಿ ಪರಮಾಣುಗಳು. ಅದಕ್ಕೇ ಅವು ಸಾಯುತ್ತಿರಲಿಲ್ಲ. ಗುಡಿಸುವ ಲೇಸರಿನ ಹತ್ತಿರ ಹೋದೆ. ಹಸಿರು ದೀಪ ಉರಿಯುತ್ತಿತ್ತು. ಲೇಸರ್ ತನ್ನ ಕನ್ನಡಿ ಪೆಟ್ಟಿಗೆಯನ್ನು ಗಟ್ಟಿಯಾಗಿಯೇ ಹಿಡಿದುಕೊಂಡಿತ್ತು. ಜಾರುತ್ತಿದ್ದದ್ದು ಪೆಟ್ಟಿಗೆ. ಮಧ್ಯಾಹ್ನ ಕೋಣೆ ಒಂದೂವರೆ ಡಿಗ್ರಿ ಏರುತ್ತಿತ್ತು, ಪೆಟ್ಟಿಗೆಯ ಉದ್ದ ಬದಲಾಗುತ್ತಿತ್ತು, ಅದರ ಜೊತೆ ಬೆಳಕಿನ ಬಣ್ಣ. ಬಗ್ಗಿ ನೋಡಿದೆ. ಮೇಜಿನ ಕೆಳಗೆ ನನ್ನ ಪ್ಲಗ್ ಧೂಳು ಹಿಡಿದು ಬಿದ್ದಿತ್ತು.

ಅವತ್ತು ಸಂಸ್ಥೆಯಲ್ಲಿ ಯಾರಿಗೂ ಹೇಳಲಿಲ್ಲ. ಮನೆಗೆ ಹೋಗುವ ನಿಗಡಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಒಂದೇ ಲೆಕ್ಕ ಹಾಕಿದೆ. ಪ್ಲಗ್ ಸುಮ್ಮನೆ ಹಚ್ಚಿಬಿಟ್ಟರೆ? ಅಳತೆಗಳೆಲ್ಲ ಮುಗಿದಿವೆ, ಇನ್ನು ಯಾರೂ ಮಧ್ಯಾಹ್ನ ಯಂತ್ರ ನಡೆಸುವುದಿಲ್ಲ. ಹುಡುಗಿ ಸೆಮಿನಾರ್ ಕೊಡುತ್ತಾಳೆ, ಪದವಿ ಬರುತ್ತದೆ. ನನ್ನ ತಪ್ಪೂ ಮುಚ್ಚಿಹೋಗುತ್ತದೆ. ಈ ಕೊನೆಯದನ್ನು ಲೆಕ್ಕದಲ್ಲಿ ಸೇರಿಸಿಲ್ಲವೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ಸುಳ್ಳು.

ಮನೆಯವರು ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ವ್ಯಾಪಾರಿ. ಊಟಕ್ಕೆ ಕುಳಿತಾಗ ನನ್ನ ಮುಖ ನೋಡಿ ಕೇಳಿದರು. ಎಲ್ಲ ಹೇಳಿದೆ.

"ಹಂಗಾರ ನೀ ಯಾಕ ಬಾಯಿ ಬಿಡ್ತಿ?" ಎಂದರು. "ಆ ಹುಡುಗಿ ಆರು ವರ್ಷ ತೇದಾಳ. ಆಕೀದು ಪದವಿ ಆಗಲಿ. ಆಮ್ಯಾಲ ನಿಧಾನಕ ಹೇಳಿದ್ರಾತು."

"ಆಮ್ಯಾಲ ಹೇಳಿದ್ರ ಅದು ಹೇಳಿದ್ಹಂಗ ಆಗೂದಿಲ್ರಿ. ನಾಳೆ ಬ್ಯಾರೆ ಯಾರರ ಮಾಡಿ ನೋಡ್ತಾರ, ಅವರಿಗೆ ಬರೂದಿಲ್ಲ. ಆವಾಗ ಸುಳ್ಳಿ ಯಾರಾದ್ರು? ಆಕಿ. ನಾ ಅಲ್ಲ."

ಅವರು ಇನ್ನೊಂದು ರೊಟ್ಟಿ ಮುರಿದರು. "ಹಂಗಿದ್ರ ಮೊದಲ ಆಕಿಗೆ ಹೇಳು. ಸಾಹೇಬ್ರಿಗೆ ಹೇಳೂಕಿಂತ ಮೊದಲ" ಎಂದರು. ನನಗೆ ಅದು ಹೊಳೆದಿರಲಿಲ್ಲ. ನಾನು ಪ್ರೊಫೆಸರರ ಮುಂದೆ ಹೇಗೆ ಮಾತು ಶುರುಮಾಡಲಿ ಎಂದೇ ಯೋಚಿಸುತ್ತಿದ್ದೆ.

ಮಂಗಳವಾರ ಬೆಳಿಗ್ಗೆ ಹುಡುಗಿಯನ್ನು ಕೂರಿಸಿ, ಎರಡು ಖಾಲಿ ಶಾಟಿನ ಚಿತ್ರ ತೋರಿಸಿ, ಪ್ಲಗ್ ತೋರಿಸಿದೆ. ಅವಳು ಚಿತ್ರಗಳನ್ನು ಬಹಳ ಹೊತ್ತು ನೋಡಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

"ಪ್ಲಗ್ ಯಾವತ್ತು ತೆಗೆದಿದ್ದು?"

"ಮೊದಲ್ನೇ ಚುಕ್ಕಿ ಬಂತಲ್ಲ, ಅದರ ಹಿಂದಿನ ದಿನ."

"ಲಾಗ್‌ಬುಕ್ಕಲ್ಲಿ ಯಾಕೆ ಬರೀಲಿಲ್ಲ?"

"ಮರತೆ."

"ನೀವಾ? ನೀವು ಮರೆತ್ರಾ?" ಎಂದಳು. "ನಾನು ಒಂದು ಫೈಬರ್ ಮುಟ್ಟಿದ್ರೂ ಟೈಮ್ ಹಾಕಿ ಬರೆಸ್ತಿದ್ರಲ್ಲ ಮೇಡಂ."

ಅವಳು ಎದ್ದು ಹೊರಗೆ ಹೋಗಿ ಹತ್ತು ನಿಮಿಷಕ್ಕೆ ಮುಖ ತೊಳೆದುಕೊಂಡು ಬಂದಳು. "ಮಧ್ಯಾಹ್ನ ಖಾಲಿ ಶಾಟ್ ಬೇಡ ಅಂದಿದ್ದು ನಾನು. ನಡೀರಿ, ಸರ್ ಹತ್ರ ಹೋಗೋಣ."

ಪ್ರೊಫೆಸರ್ ಪೂರ್ತಿ ಕೇಳಿ, ಎರಡೂ ಕೈಯಿಂದ ಹಣೆ ಒತ್ತಿಕೊಂಡು, "ಬರಂ" ಎಂದರು, ಆಯಿತು ಎನ್ನುವಂತೆ. ಸೆಮಿನಾರ್ ಮುಂದೂಡಲು ದಾರಿಯೇ ಇರಲಿಲ್ಲ. ಸಮಿತಿಯವರಿಗೆ ಆ ತಿಂಗಳಲ್ಲಿ ಬೇರೆ ದಿನವಿರಲಿಲ್ಲ. ಬೆಳಗಿನ ಎರಡು ಸಾವಿರ ನಿಜವೋ ಅಲ್ಲವೋ, ಶುಕ್ರವಾರದೊಳಗೆ ಅದನ್ನು ತಿಳಿಯಿರಿ ಎಂದರು. ನಿಜವಾದರೆ ಸಣ್ಣ ಅಧ್ಯಾಯ. ಅಲ್ಲವಾದರೆ ಅಧ್ಯಾಯವೇ ಇಲ್ಲ.

ಕಂಟ್ರೋಲರನ್ನು ಕೋಣೆಯ ಆಚೆ ಮೂಲೆಗೆ ಒಯ್ದು, ಐದು ಮೀಟರ್ ವಯರ್ ಎಳೆದು ಹಚ್ಚಿದೆ. ಕಾಂತಕ್ಷೇತ್ರದ ನಡುಕ ಅಳೆದೆ, ಹೆಚ್ಚಿರಲಿಲ್ಲ. ಅರ್ಧ ದಿನದ ಕೆಲಸ. ಐದು ವಾರ ಮುಂದೂಡಿದ್ದು ಈ ಅರ್ಧ ದಿನವನ್ನು. ಪೆಟ್ಟಿಗೆ ಬಿಸಿಯಾಗಿ ಒಂದು ಉಷ್ಣತೆಯಲ್ಲಿ ನೆಲೆ ನಿಲ್ಲಲು ಒಂದು ಹಗಲು ಒಂದು ರಾತ್ರಿ ಬೇಕು. ಬುಧವಾರ ಹೀಗೇ ಹೋಯಿತು. ಅಷ್ಟರಲ್ಲಿ ಗೇಟಿನ ಹತ್ತಿರ ಚೀಟಿ ಅಂಟಿಸಿದ್ದರು: ಗುರುವಾರ ದುರಸ್ತಿ, ಮಧ್ಯಾಹ್ನ ಎರಡರವರೆಗೆ ಕರೆಂಟಿಲ್ಲ. ಪುಣೆಯಲ್ಲಿ ದುರಸ್ತಿಗೆ ಗುರುವಾರವೇ ಬೇಕು. ಪೆಟ್ಟಿಗೆ ಮತ್ತೆ ತಣ್ಣಗಾದರೆ ಎಲ್ಲ ಮಣ್ಣುಪಾಲು. ಹೀಟರನ್ನು ಕಂಪ್ಯೂಟರಿನ ಯು.ಪಿ.ಎಸ್. ಬ್ಯಾಟರಿಗೆ ಹಚ್ಚಿ ಅದರ ಮುಂದೆ ಸ್ಟೂಲ್ ಹಾಕಿಕೊಂಡು ಕುಳಿತೆ. ಹುಡುಗಿ ಎದುರಿನ ಮೂಲೆಯಲ್ಲಿ, ಸ್ಲೈಡುಗಳಿಂದ ಆಯುಷ್ಯದ ಚಿತ್ರ ಕಿತ್ತು ಹಾಕುತ್ತಿದ್ದಳು. ಮಂಗಳವಾರದಿಂದ ಕೆಲಸಕ್ಕೆ ಬೇಕಾದಷ್ಟೇ ಮಾತು ನಮ್ಮಲ್ಲಿ.

ಕರೆಂಟ್ ಬಂದದ್ದು ಎರಡೂವರೆಗೆ. ಯಂತ್ರ ಅಣಿಯಾಗಲು ಇನ್ನೊಂದು ಗಂಟೆ. ಮೂರೂವರೆಯಿಂದ ಒಂದು ನಿಜ, ಒಂದು ಖಾಲಿ, ಮತ್ತೆ ಒಂದು ನಿಜ, ಒಂದು ಖಾಲಿ. ಹೀಗೆ ಬಿಡದೆ ನಡೆಸಿದೆವು. ಖಾಲಿಯಲ್ಲಿ ಏನೂ ಇಲ್ಲ. ನಿಜದಲ್ಲೂ ಒಂದೇ ಚಿತ್ರದಲ್ಲಿ ಹೇಳುವಂಥದ್ದೇನೂ ಇಲ್ಲ, ಬರೀ ಬೂದು ಕಾಳು. ಇಪ್ಪತ್ತು ಚಿತ್ರಗಳನ್ನು ಕೂಡಿಸಿದಾಗ ನಡುವೆ ಒಂದು ಮಂಕು ಕಲೆ ಎದ್ದಿತು. ಎರಡು ಸಾವಿರ. ಹಿಂದೊಮ್ಮೆ ಚುಕ್ಕೆ ನೋಡಿ ಕುಣಿದವಳು ಈಗ ನಂಬಲು ತಯಾರಿರಲಿಲ್ಲ. ಇರಿಸುವ ಸಮಯವನ್ನು ಒಂದರಿಂದ ಎರಡಕ್ಕೆ ಏರಿಸಿದಳು, ನಾಲ್ಕಕ್ಕೆ, ಎಂಟಕ್ಕೆ. ಸಂಜೆ ಏಳರ ಹೊತ್ತಿಗೆ ತೆರೆಯ ಮೇಲೆ ನಾಲ್ಕು ಬಿಂದುಗಳಿದ್ದವು. ಒಂದಕ್ಕಿಂತ ಒಂದು ಕೆಳಗೆ. ಎಂಟು ಮಿಲಿಸೆಕೆಂಡಿನಲ್ಲಿ ಬಹುತೇಕ ಏನೂ ಉಳಿದಿರಲಿಲ್ಲ.

"ಸಾಯ್ತಿದೆ!" ಎಂದು ಕೂಗಿದಳು. "ಮೇಡಂ, ಸಾಯ್ತಿದೆ ನೋಡಿ!"

ಸಾವಿಗೆ ಇಷ್ಟು ಸಂತೋಷಪಟ್ಟದ್ದು ನಾನು ಮತ್ತೆಲ್ಲೂ ಕಂಡಿಲ್ಲ. ನನಗೂ ಕಣ್ಣು ತುಂಬಿ ಬಂತು. ಆದರೆ ಅವಳು ಕೂಡಲೇ ಬಾಯಿ ಮುಚ್ಚಿ ಕಂಪ್ಯೂಟರಿನತ್ತ ತಿರುಗಿದಳು. ನನ್ನ ಮೇಲಿನ ಸಿಟ್ಟು ನೆನಪಾಗಿರಬೇಕು.

ಶುಕ್ರವಾರದ ಸೆಮಿನಾರಿನಲ್ಲಿ ನಾನು ಕೊನೆಯ ಬೆಂಚಿನಲ್ಲಿ ಕುಳಿತಿದ್ದೆ. ತಾಂತ್ರಿಕ ಸಿಬ್ಬಂದಿ ಇಂಥ ಕಡೆ ಬರುವುದೇ ಕಡಿಮೆ, ಬಂದರೂ ಬಾಯಿ ತೆರೆಯುವುದಿಲ್ಲ. ಹುಡುಗಿ ನಾಲ್ಕು ಅಧ್ಯಾಯ ಸರಸರನೆ ಮುಗಿಸಿ ಐದನೆಯದಕ್ಕೆ ಬಂದಳು. ಮೊದಲು ಮಧ್ಯಾಹ್ನದ ಖಾಲಿ ಶಾಟಿನ ಆ ದುಂಡು ಚುಕ್ಕೆಯನ್ನೇ ತೋರಿಸಿ, ಐದು ವಾರ ನಾವು ಇದನ್ನು ಅಣು ಎಂದುಕೊಂಡಿದ್ದೆವು ಎಂದಳು. ಆಮೇಲೆ ಗುರುವಾರದ ನಾಲ್ಕು ಬಿಂದು. ಸಮಿತಿಯ ಹಿರಿಯರೊಬ್ಬರು ಮೂಗಿನ ಮೇಲಿನ ಕನ್ನಡಕದಿಂದ ನೋಡುತ್ತ ಇಂಗ್ಲಿಷಿನಲ್ಲಿ ಕೇಳಿದರು: ಹೀಟರ್ ಐದು ವಾರ ಬಂದ್ ಇದ್ದದ್ದು ನಿಮಗೆ ಹೇಗೆ ಗೊತ್ತಾಗಲಿಲ್ಲ? ಸ್ವಂತ ಯಂತ್ರದಲ್ಲಿ ಏನು ಹಚ್ಚಿದೆ, ಏನು ಕಿತ್ತಿದೆ ಎಂದು ತಿಳಿಯದವರ ಉಳಿದ ನಾಲ್ಕು ಅಧ್ಯಾಯಗಳನ್ನು ನಾವು ಯಾಕೆ ನಂಬಬೇಕು?

ಹುಡುಗಿ ಕೈಯಲ್ಲಿದ್ದ ಪಾಯಿಂಟರ್ ಕೆಳಗಿಟ್ಟಳು. "ಅದು ನನ್ನ ಜವಾಬ್ದಾರಿಯಾಗಿತ್ತು" ಎಂದಳು. ಮುಂದೆ ಹೇಳಲಿಲ್ಲ. ಅವರು ಕಾಯುತ್ತಿದ್ದರು. ಪ್ರೊಫೆಸರ್ ನನ್ನತ್ತ ನೋಡಲಿಲ್ಲ, ನೋಡಬಾರದೆಂದೇ ನೋಡಲಿಲ್ಲ.

ನಾನು ಎದ್ದು ನಿಂತೆ. ಕಿತ್ತವಳು ನಾನು, ಬರೆಯದವಳು ನಾನು, ಅವಳಿಗೆ ತಿಳಿಯಲು ದಾರಿಯೇ ಇರಲಿಲ್ಲ, ಮೊದಲ ನಾಲ್ಕು ಅಧ್ಯಾಯಗಳ ಕಾಲದಲ್ಲಿ ಹೀಟರ್ ಹಚ್ಚಿಯೇ ಇತ್ತು ಎಂದೆ. ಇಂಗ್ಲಿಷಿನಲ್ಲಿ ಶುರುಮಾಡಿ ಮರಾಠಿಯಲ್ಲಿ ಮುಗಿಸಿದೆ. ಎಲ್ಲರೂ ಹಿಂದಕ್ಕೆ ತಿರುಗಿ ನೋಡುತ್ತಿದ್ದರು. ಹಿರಿಯರು ನನ್ನ ಹುದ್ದೆ ಕೇಳಿದರು, ಹೇಳಿದೆ. ಎಷ್ಟು ವರ್ಷದ ಅನುಭವ ಎಂದು ಕೇಳಿದರು, ಅದನ್ನೂ ಹೇಳಿದೆ. ಅವರು ತಲೆಯಾಡಿಸಿ ಏನೋ ಬರೆದುಕೊಂಡರು. ಕುಳಿತುಕೊಂಡೆ.

ಅರ್ಧ ಗಂಟೆ ಬಾಗಿಲು ಹಾಕಿಕೊಂಡು ಚರ್ಚಿಸಿದ ಮೇಲೆ, ಐದನೆಯ ಅಧ್ಯಾಯವನ್ನು ಈ ತಪ್ಪಿನ ಸಮೇತ ಹೊಸದಾಗಿ ಬರೆದು ತಿಂಗಳ ಕೊನೆಯೊಳಗೆ ಸಲ್ಲಿಸಬಹುದು ಎಂದರು. ನನಗೆ ಒಂದು ವಿವರಣೆ ಪತ್ರ ಬರೆದುಕೊಡಲು ಹೇಳಿದರು. ಹುಡುಗಿಯ ಗೆಳತಿಯರು ಅವಳನ್ನು ಸುತ್ತುವರಿದಿದ್ದರು. ನಾನು ನೆಲಮಾಳಿಗೆಗೆ ಇಳಿಯುವ ಮೆಟ್ಟಿಲ ಹತ್ತಿರ ಬಂದಾಗ ಹಿಂದಿನಿಂದ ಓಡಿ ಬಂದಳು. ಮುಖದ ಮೇಲೆ ಸಿಟ್ಟು ಪೂರ್ತಿ ಹೋಗಿರಲಿಲ್ಲ.

"ನೀವ್ಯಾಕೆ ಎದ್ರಿ ಮೇಡಂ? ನಾನು ನಿಮ್ಮ ಹೆಸರು ಹೇಳ್ತಿರಲಿಲ್ಲ."

"ಗೊತ್ತಿತ್ತವಾ," ಎಂದೆ. "ಅದಕ್ಕ ಎದ್ದೆ."